ಅಂಕಿ ಮತ್ತು ಅಂಕಿತ

ಇತ್ತೀಚಿನ ವರ್ಷಗಳಲ್ಲಿ ವಿದ್ಯಾಕ್ಷೇತ್ರದಲ್ಲಿ ಪದೇ ಪದೇ ಕೇಳಿಬರುತ್ತಿರುವ ಶಬ್ದಗಳಲ್ಲಿ 'ದತ್ತಾಂಶ' ಎಂಬುದು ಒಂದು. ಗಣಿತದ ಪಠ್ಯಪುಸ್ತಕದಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಯಕ್ಕೆ ಸೀಮಿತವಾಗಿದ್ದ ಈ ಶಬ್ದ ಈಗ ಒಂದು ಶಾಸ್ತ್ರಕ್ಕೇ ಹೆಸರಾಗಿದೆ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು ೨೦೨೧-೨೨ರಿಂದ ದತ್ತಾಂಶ ವಿಜ್ಞಾನವನ್ನು ಶಾಲಾ ಮಟ್ಟದಲ್ಲಿಯೇ ಒಂದು ವಿಷಯವಾಗಿ ಇರಿಸಿದೆ. ಇದು ಸ್ವಾಗತಾರ್ಹವೇ ಸರಿ. ಆದರೆ ಈ ವಿದ್ಯೆಯ ಬೋಧನೆ ಗಣಿತದ ಮತ್ತು ಕಂಪ್ಯೂಟರಿನ ಅಧ್ಯಾಪಕರಿಗೆ ಸೇರಿದ್ದು, ಸಾಹಿತ್ಯವನ್ನೂ ಇತಿಹಾಸವನ್ನೂ ಕಲಿಸುವವರಿಗೆ ಇಲ್ಲಿ ಕೆಲಸವಿಲ್ಲ ಎಂಬ ಭಾವನೆಯೂ ಇದರ ಜೊತೆಯಲ್ಲಿಯೇ ಬೆಳೆಯುತ್ತಿದೆ. ಈ ಭಾವನೆ ಸರಿಯಲ್ಲವೆಂಬುದನ್ನು ನಮ್ಮ ವಚನ ವಾಙ್ಮಯದ ಸಂಪಾದನೆಯ ನಿದರ್ಶನದಿಂದಲೇ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಪ್ರೇರಣೆಯಾದ ಪ್ರಸಂಗವೊಂದನ್ನು ಮೊದಲು ಹೇಳಬೇಕು. ಅನೇಕ ವರ್ಷಗಳ ಹಿಂದೆ ಬಸವ ಜಯಂತಿಯ ಅಂಗವಾಗಿ ಏರ್ಪಟ್ಟ ರಸಪ್ರಶ್ನೆ ಸ್ಪರ್ಧೆಯೊಂದಕ್ಕೆ ನಾನು ನಿರ್ಣಾಯಕನಾಗಿದ್ದೆ. ಸಿದ್ಧರಾಮೇಶ್ವರರು ರಚಿಸಿದ ವಚನಗಳೆಷ್ಟು ಎಂಬುದು ಒಂದು ಪ್ರಶ್ನೆ. ಒಬ್ಬ ಬಾಲಕ ೬೮ ಸಾವಿರವೆಂದ. ಒಬ್ಬ ಬಾಲಕಿ ಸುಮಾರು ಎರಡು ಸಾವಿರವೆಂದಳು. ನನ್ನ ಕೈಯಲ್ಲಿದ್ದ ಉತ್ತರಪಟ್ಟಿಯಲ್ಲಿ ೬೮ ಸಾವಿರವೆಂದಿತ್ತು. ಅಂಕವನ್ನು ಬಾಲಕನಿಗೆ ಕೊಟ್ಟೆ. ಸ್ಪರ್ಧೆ ಮುಗಿದ ಮೇಲೆ ಆ ಬಾಲಕಿ ಬಳಿಗೆ ಬಂದು, "ಸರ್, ಪುಸ್ತಕದ ಕೊನೆಯ ವಚನದ ಸಂಖ್ಯೆಯನ್ನು ನಾನೇ ನೋಡಿ ಬಂದಿದ್ದೆ. ಹಾಗಾದರೆ ಉಳಿದವೆಲ್ಲ ಎಲ್ಲಿ ಹೋದವು?" ಎಂದು ಕೇಳಿದಳು. "ಪಟ್ಟಿಯಲ್ಲಿ ಇರುವುದೇ ಸರಿ, ಹೋಗಮ್ಮ" ಎಂದು ಕಳುಹಿಸಿಬಿಟ್ಟೆ. ಮೂರು ದಶಕಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ನಿಂತವನು ನಾನು. ಅಷ್ಟು ವರ್ಷಗಳಲ್ಲಿ ಕೇಳಿದ ಉತ್ತಮ ಪ್ರಶ್ನೆಗಳಲ್ಲಿ ಅದೊಂದು. ಅದಕ್ಕೆ ನಾನು ಕೊಟ್ಟದ್ದು ಅತ್ಯಂತ ಕೆಟ್ಟ ಉತ್ತರ.

ಆ ಪ್ರಶ್ನೆಯನ್ನು ಈಗ ವಿಚಾರಿಸಿ ನೋಡೋಣ. ೬೮ ಸಾವಿರವೆಂಬ ಸಂಖ್ಯೆ ಎಲ್ಲಿಂದ ಬಂದಿತು? ಅದು ಯಾವ ಕರಣಿಕನ ಲೆಕ್ಕವೂ ಅಲ್ಲ. ಸಿದ್ಧರಾಮೇಶ್ವರರ ಅಂಕಿತದಲ್ಲಿ ಇರುವ ಒಂದು ವಚನದಲ್ಲಿಯೇ ಆ ಸಂಖ್ಯೆ ಬಂದಿದೆ. ಅಲ್ಲಿಯ ಸಂದರ್ಭವನ್ನು ಗಮನಿಸತಕ್ಕದ್ದು. ಅಷ್ಟು ಸಾವಿರ ವಚನಗಳನ್ನು ಹಾಡಿಯೂ ಮನಸ್ಸು ಸೋತುಹೋಯಿತು, ಹಾಡಬೇಕಾದದ್ದೂ ಕಾಣಬೇಕಾದದ್ದೂ ಒಂದೇ ವಚನ ಎಂಬುದು ಅದರ ಇಂಗಿತ. ಬಹುತ್ವವನ್ನು ನಿರಾಕರಿಸಿ ಏಕವನ್ನು ಹಿಡಿಯುವುದಕ್ಕಾಗಿ ಹೇಳಿದ ಸಂಖ್ಯೆಯನ್ನು ನಾವು ಬಹುತ್ವದ ಹೆಮ್ಮೆಗೆ ಬಳಸಿಕೊಂಡಿದ್ದೇವೆ. ೧,೯೬,೦೦೦ ಜಂಗಮರು, ೭೭೦ ಅಮರಗಣಂಗಳು ಎಂಬ ಪರಂಪರೆಯ ಸಂಖ್ಯೆಗಳನ್ನೂ ಇದೇ ವಿವೇಕದಿಂದ ಓದಬೇಕು. ಭಕ್ತಿಯ ಗ್ರಂಥದಲ್ಲಿ ಸಂಖ್ಯೆಯು ವೈಭವವನ್ನು ಸೂಚಿಸಬಹುದು, ಸಂಕೇತವಾಗಿರಬಹುದು, ನಿಜವಾದ ಎಣಿಕೆಯೂ ಆಗಿರಬಹುದು. ಯಾವುದು ಯಾವ ಬಗೆಯದು ಎಂಬುದನ್ನು ಗಣಿತ ಹೇಳಲಾರದು. ಆ ಗ್ರಂಥದ ರೀತಿಯನ್ನು ಬಲ್ಲ ಓದುಗನು ಹೇಳಬೇಕು.

'ದತ್ತ' ಎಂದರೆ ಕೊಡಲ್ಪಟ್ಟದ್ದು. 'ಡೇಟಾ' ಎಂಬ ಶಬ್ದಕ್ಕೂ ಲ್ಯಾಟಿನ್ ಭಾಷೆಯಲ್ಲಿ ಅದೇ ಅರ್ಥ. ಕೊಟ್ಟದ್ದು ಎಂದೊಡನೆ ಕೊಟ್ಟವರಾರು, ಯಾರಿಗೆ ಕೊಟ್ಟರು, ಕೊಡದೆ ಉಳಿಸಿಕೊಂಡದ್ದೇನು ಎಂಬ ಪ್ರಶ್ನೆಗಳು ಏಳಬೇಕು. ಆದರೆ 'ಈ ಕೆಳಗಿನ ದತ್ತಾಂಶಗಳಿಗೆ ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ಕಂಡುಹಿಡಿಯಿರಿ' ಎಂಬಲ್ಲಿಗೆ ನಮ್ಮ ಬೋಧನೆ ಮುಗಿಯುತ್ತದೆ. ಅಮೆರಿಕೆಯ ವಿದುಷಿ ಜೊಹಾನ್ನಾ ಡ್ರಕರ್ ಅವರು ೨೦೧೧ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಮಾನವಿಕ ಶಾಸ್ತ್ರಗಳ ದೃಷ್ಟಿಯಿಂದ ಈ ಶಬ್ದವನ್ನೇ ಆಕ್ಷೇಪಿಸಿ, 'ಡೇಟಾ' ಎನ್ನುವುದಕ್ಕಿಂತ 'ಕ್ಯಾಪ್ಟಾ', ಅಂದರೆ 'ತೆಗೆದುಕೊಂಡದ್ದು', ಎನ್ನುವುದು ಯುಕ್ತವೆಂದು ವಾದಿಸಿದರು. ಸಂಸ್ಕೃತದಲ್ಲಿ ಹೇಳುವುದಾದರೆ ಅದು 'ಗೃಹೀತ'. ಕನ್ನಡದಲ್ಲಿ ಗೃಹೀತವೆಂದರೆ ವಿಚಾರಕ್ಕೆ ಮೊದಲೇ ಒಪ್ಪಿಕೊಂಡದ್ದು ಎಂಬ ಅರ್ಥವೂ ಉಂಟು. ಎಣಿಸುವವನು ಎಣಿಕೆಗೆ ಮೊದಲೇ ಏನನ್ನೋ ಒಪ್ಪಿಕೊಂಡಿರುತ್ತಾನೆ ಎಂಬ ಸತ್ಯವನ್ನು ನಮ್ಮ ಶಬ್ದವೇ ಹೇಳುತ್ತಿದೆ.

ಅಂತಹ ಗೃಹೀತಗಳು ಎಷ್ಟು ಕೆಲಸ ಮಾಡುತ್ತವೆ ಎಂಬುದಕ್ಕೆ ವಚನಗಳ ಎಣಿಕೆಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಡಾ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ 'ವಚನ ಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದಾಗ ಅವರ ಮುಂದೆ ಇದ್ದದ್ದು ಮನೆಮನೆಗಳಲ್ಲಿ, ಮಠಗಳಲ್ಲಿ ಚದುರಿಹೋಗಿದ್ದ ತಾಡವೋಲೆಯ ಕಟ್ಟುಗಳು. ಅಲ್ಲಿಂದ ೭೦ ವರ್ಷಗಳ ತರುವಾಯ, ೧೯೯೩ರಲ್ಲಿ, ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 'ಸಮಗ್ರ ವಚನ ಸಂಪುಟ'ಗಳನ್ನು ೧೫ ಸಂಪುಟಗಳಲ್ಲಿ ಹೊರತಂದಿತು. ಪ್ರೊ. ಶಿ. ಶಿ. ಬಸವನಾಳರು ಸಂಪಾದಿಸಿದ ಬಸವಣ್ಣನವರ ಷಟ್‌ಸ್ಥಲದ ವಚನಗಳಲ್ಲಿ ಸಾವಿರದೊಳಗಿನ ವಚನಗಳಿವೆ. ಸಮಗ್ರ ಸಂಪುಟದಲ್ಲಿ ಬಸವಣ್ಣನವರ ವಚನಗಳು ೧,೪೦೦ನ್ನು ಮೀರಿವೆ. ಇವುಗಳಲ್ಲಿ ತಪ್ಪು ಯಾವುದು, ಸರಿ ಯಾವುದು ಎಂದು ವಿದ್ಯಾರ್ಥಿ ಕೇಳಿದರೆ, ಎರಡೂ ಸರಿ ಎಂಬುದೇ ಉತ್ತರ. ಷಟ್‌ಸ್ಥಲ ಕ್ರಮದಲ್ಲಿ ಜೋಡಿಸಲ್ಪಟ್ಟ ಕಟ್ಟುಗಳ ವಚನಗಳು ಮಾತ್ರವೇ ಲೆಕ್ಕಕ್ಕೆ ಸೇರುವುದಾದರೆ ಒಂದು ಸಂಖ್ಯೆ ಬರುತ್ತದೆ. ಇತರ ಸಂಕಲನಗಳಲ್ಲಿ ದೊರೆತವುಗಳನ್ನೂ ಸೇರಿಸಿದರೆ ಮತ್ತೊಂದು ಸಂಖ್ಯೆ ಬರುತ್ತದೆ. ಎಣಿಕೆಯ ನಿಯಮ ಬೇರೆಯಾದರೆ ಮೊತ್ತವೂ ಬೇರೆಯಾಗುತ್ತದೆ.

ಇನ್ನೂ ಸೂಕ್ಷ್ಮವಾದ ಪ್ರಶ್ನೆಗಳಿವೆ. ಒಂದು ವಚನವೆಂದರೆ ಎಲ್ಲಿಂದ ಎಲ್ಲಿಯವರೆಗೆ? ಓಲೆಗರಿಯಲ್ಲಿ ಇಂದಿನ ಮುದ್ರಣದಂತೆ ಸಾಲು ಬಿಟ್ಟು ಬರೆದಿರುವುದಿಲ್ಲ. ಬಹುಮಟ್ಟಿಗೆ ಅಂಕಿತವೇ ವಚನದ ಮುಗಿತಾಯವನ್ನು ತೋರಿಸುತ್ತದೆ. ಒಂದೇ ವಚನ ಎರಡು ಕಟ್ಟುಗಳಲ್ಲಿ ಎರಡು ಅಂಕಿತಗಳಿಂದ ಬಂದರೆ ಅದನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಸಿದ್ಧರಾಮೇಶ್ವರರ ಹೆಸರಿನ ತ್ರಿವಿಧಿಗಳನ್ನು ವಚನಗಳ ಮೊತ್ತಕ್ಕೆ ಸೇರಿಸಬೇಕೆ, ಬೇಡವೆ? ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬನೆ, ಇಬ್ಬರೆ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವಿದೆ. ಒಬ್ಬನೆಂದರೆ ವಚನಕಾರರ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆ. ಇಬ್ಬರೆಂದರೆ ಪಟ್ಟಿ ಬೆಳೆಯುವುದಷ್ಟೇ ಅಲ್ಲ, ವಚನರಚನೆ ಯಾವಾಗ ಆರಂಭವಾಯಿತು ಎಂಬ ಇತಿಹಾಸದ ಪ್ರಶ್ನೆಯೇ ಅಲುಗಾಡುತ್ತದೆ. ಪಟ್ಟಿಯ ಒಂದು ಸಾಲಿನ ಹಿಂದೆ ಇಷ್ಟು ವಾದವಿದೆಯೆಂದು ತಿಳಿದ ವಿದ್ಯಾರ್ಥಿಯು ಮುಂದೆ ಯಾವ ಪಟ್ಟಿಯನ್ನೂ ಕಣ್ಣುಮುಚ್ಚಿ ಒಪ್ಪಲಾರನು.

ಅಂಕಿ, ಅಂಕಿತ ಈ ಎರಡೂ 'ಅಂಕ', ಅಂದರೆ ಗುರುತು, ಎಂಬ ಒಂದೇ ಮೂಲದಿಂದ ಬಂದ ಶಬ್ದಗಳು. ವಚನಕಾರರು ತಮ್ಮ ಮಾತಿಗೆ ಇಷ್ಟದೈವದ ಹೆಸರಿನ ಮುದ್ರೆಯನ್ನು ಹಾಕಿದರು. ಆಡಿದ ಮಾತಿಗೆ ತಾವು ಹೊಣೆ, ಅದಕ್ಕೆ ದೈವವೇ ಸಾಕ್ಷಿ ಎಂಬ ಅರ್ಥ ಅದರಲ್ಲಿದೆಯೆಂದು ನಾನು ತಿಳಿದಿದ್ದೇನೆ. ಇಂದು ನಮ್ಮ ಸುತ್ತ ಹರಿದಾಡುವ ಅಂಕಿಗಳಲ್ಲಿ ಹೆಚ್ಚಿನವಕ್ಕೆ ಅಂಕಿತವಿಲ್ಲ. ಯಾರು ಎಣಿಸಿದರು, ಯಾವಾಗ ಎಣಿಸಿದರು, ಏನನ್ನು ಎಣಿಕೆಯಿಂದ ಬಿಟ್ಟರು ಎಂಬುದು ಅವುಗಳ ಜೊತೆಯಲ್ಲಿ ಬರುವುದಿಲ್ಲ. ಅಂಕಿತವಿಲ್ಲದ ಅಂಕಿಯನ್ನು ತರಗತಿಯೊಳಗೆ ಬಿಟ್ಟುಕೊಳ್ಳಬಾರದು ಎಂಬುದೇ ಈ ಲೇಖನದ ಸಾರಾಂಶವೆಂದರೂ ಸಲ್ಲುತ್ತದೆ.

ಆದರೆ ಅಂಕಿತವಿದ್ದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಶೂನ್ಯಸಂಪಾದನೆಯ ನಿದರ್ಶನವನ್ನು ನೋಡಬಹುದು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗದೇವ, ಗೂಳೂರು ಸಿದ್ಧವೀರಣಾರ್ಯ ಇವರ ನಾಲ್ಕು ಪರಿಷ್ಕರಣಗಳು ನಮಗೆ ದೊರೆತಿವೆ. ಮೊದಲನೆಯದರಲ್ಲಿ ವಚನಗಳು ಸಾವಿರದಷ್ಟು. ಅನಂತರದವುಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು. ಈ ಹೆಚ್ಚಳ ಸುಮ್ಮನೆ ಆದದ್ದಲ್ಲ. ಮಹಾದೇವಯ್ಯನ ಕೃತಿಯಲ್ಲಿ ಸಿದ್ಧರಾಮೇಶ್ವರರಿಗೆ ಇಷ್ಟಲಿಂಗದೀಕ್ಷೆಯಾದ ಪ್ರಸಂಗವಿಲ್ಲ. ಹಲಗೆಯದೇವನು ಅದನ್ನು ಸೇರಿಸಿದನು. ಪರಂಪರೆಗೆ ಅದು ಅಗತ್ಯವೆಂದು ಅವನಿಗೆ ತೋರಿತು; ಅವನ ಶ್ರದ್ಧೆಯನ್ನು ನಾವು ಶಂಕಿಸಬೇಕಾಗಿಲ್ಲ. ಆದರೆ ಒಳ್ಳೆಯ ಉದ್ದೇಶದಿಂದಲೂ ಆಧಾರವು ಬೆಳೆಯುತ್ತದೆ, ಕೊರತೆಯೆಂದು ಕಂಡಲ್ಲಿ ತುಂಬಲ್ಪಡುತ್ತದೆ ಎಂಬ ಪಾಠ ಇಲ್ಲಿದೆ. ಇಂದು ಕಂಪ್ಯೂಟರಿನವರು ದತ್ತಾಂಶವನ್ನು ಶುದ್ಧಿಗೊಳಿಸುವುದು, ಖಾಲಿ ಸ್ಥಾನಗಳನ್ನು ತುಂಬುವುದು ಎಂದು ಹೇಳುತ್ತಾರೆ. ಗ್ರಂಥಸಂಪಾದಕರು ಈ ಕೆಲಸವನ್ನು ಬಹುಕಾಲದಿಂದ ಬಲ್ಲರು. ತಿದ್ದಿದ್ದನ್ನು ತಿದ್ದಿದ್ದೇನೆಂದು ಅಡಿಟಿಪ್ಪಣಿಯಲ್ಲಿ ಹೇಳಿ, ಬಿಟ್ಟ ಪಾಠಾಂತರವನ್ನೂ ಅಲ್ಲಿಯೇ ಕೊಡುವುದು ಅವರ ಧರ್ಮ. ಆ ಧರ್ಮವನ್ನು ಹೊಸ ಶಾಸ್ತ್ರದವರು ನಮ್ಮಿಂದ ಕಲಿಯುವುದು ಉಚಿತ.

ಇನ್ನು ಸರಾಸರಿಯ ವಿಚಾರ. ಸಮಗ್ರ ಸಂಪುಟಗಳಲ್ಲಿ ಐದನೆಯದು ಶಿವಶರಣೆಯರಿಗೆ ಮೀಸಲಾದದ್ದು. ಅದರಲ್ಲಿ ಅಕ್ಕಮಹಾದೇವಿಯವರ ವಚನಗಳು ೪೦೦ಕ್ಕೂ ಹೆಚ್ಚು. ಸೂಳೆ ಸಂಕವ್ವೆಯದು ಒಂದೇ ಒಂದು. ಇವರಿಬ್ಬರ ಸರಾಸರಿ ತೆಗೆದರೆ ತಲಾ ೨೦೦ಕ್ಕೂ ಹೆಚ್ಚು ಬರುತ್ತದೆ. ಆದರೆ ಇನ್ನೂರರಷ್ಟು ವಚನಗಳಿರುವವರು ಇಬ್ಬರಲ್ಲಿ ಯಾರೂ ಇಲ್ಲ! ಇಷ್ಟನ್ನು ಗಣಿತದ ಅಧ್ಯಾಪಕರೂ ಹೇಳಿಯಾರು. ಮುಂದಿನ ಪ್ರಶ್ನೆ ಮಾತ್ರ ನಮ್ಮದು. ಸಂಕವ್ವೆಯ ಹೆಸರಿನ ಮುಂದಿರುವ 'ಒಂದು' ಎಂಬ ಅಂಕಿಯ ಅರ್ಥವೇನು? ಆಕೆ ಒಂದೇ ವಚನವನ್ನು ಹೇಳಿದಳೆ, ಅಥವಾ ಲಿಪಿಕಾರರ ಕೈಗೆ ಒಂದೇ ಸಿಕ್ಕಿತೆ, ಅಥವಾ ಒಂದೇ ಸಾಕೆಂದು ಅವರಿಗೆ ತೋರಿತೆ? ಹನ್ನೆರಡನೆಯ ಶತಮಾನದ ವಚನಗಳು ನಮಗೆ ಹೆಚ್ಚಾಗಿ ದೊರೆತಿರುವುದು ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲ ಮತ್ತು ಅದರ ಅನಂತರ ನಡೆದ ಸಂಕಲನಕಾರ್ಯದ ಮೂಲಕ. ನಡುವೆ ಸುಮಾರು ೩೦೦ ವರ್ಷಗಳು ಕಳೆದಿವೆ. ಆ ಬಾಲಕಿ ಕೇಳಿದ 'ಉಳಿದವೆಲ್ಲ ಎಲ್ಲಿ ಹೋದವು' ಎಂಬ ಪ್ರಶ್ನೆ ಈ ಅವಧಿಗೆ ಹಾಕಿದ ಪ್ರಶ್ನೆಯೇ ಆಗಿದೆ. ಉಳಿದದ್ದನ್ನು ಎಣಿಸಿ ಇದ್ದದ್ದನ್ನು ಎಣಿಸಿದೆವೆಂದು ತಿಳಿಯುವುದು ದತ್ತಾಂಶದ ವ್ಯವಹಾರದಲ್ಲಿ ಅತಿ ಸಾಮಾನ್ಯವಾದ ಪ್ರಮಾದ.

ಅದೇ ಸಂಪುಟದ ಪರಿವಿಡಿಯನ್ನು ಓದಿಸಿದರೂ ಸಾಕು, ಒಂದು ಪಾಠವಾಗುತ್ತದೆ. 'ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ', 'ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ ಕಾಳವ್ವೆ' ಎಂದು ಕೆಲವರ ಹೆಸರುಗಳು ಪತಿಯ ಮೂಲಕ ಬರುತ್ತವೆ. 'ಕದಿರ ರೆಮ್ಮವ್ವೆ', 'ಕೊಟ್ಟಣದ ಸೋಮಮ್ಮ' ಎಂದು ಕೆಲವರ ಹೆಸರುಗಳು ಕಾಯಕದ ಮೂಲಕ ಬರುತ್ತವೆ. ಹೆಸರು ಬರೆದಿಟ್ಟವನು ಯಾವುದನ್ನು ಮುಖ್ಯವೆಂದು ತಿಳಿದನೋ ಅದು ಹೆಸರಿನ ಭಾಗವಾಯಿತು. ಇಂದಿನ ಅರ್ಜಿಗಳಲ್ಲಿ 'ತಂದೆ ಅಥವಾ ಗಂಡನ ಹೆಸರು' ಎಂಬ ಕಲಮನ್ನು ನೋಡಿದ ಹೆಣ್ಣುಮಗುವಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ವಚನಗಳನ್ನು ಗಣಕದಲ್ಲಿ ಶೋಧಿಸುವ ಸೌಲಭ್ಯ ಒದಗಿದೆ. 'ವಚನ ಸಂಚಯ' ಎಂಬ ಜಾಲತಾಣದಲ್ಲಿ ಯಾವ ಶಬ್ದ ಎಲ್ಲೆಲ್ಲಿ ಬಂದಿದೆಯೆಂಬುದನ್ನು ಕ್ಷಣಮಾತ್ರದಲ್ಲಿ ಕಾಣಬಹುದು. ಪದಪ್ರಯೋಗಕೋಶಕ್ಕಾಗಿ ವರ್ಷಗಟ್ಟಲೆ ಚೀಟಿ ಬರೆಯುತ್ತಿದ್ದ ಕಾಲವನ್ನು ಬಲ್ಲವರು ಇದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಆದರೆ ಈ ಸೌಲಭ್ಯವನ್ನು ಹಿಡಿದು ಶಬ್ದಗಳ ಎಣಿಕೆಯನ್ನೇ ತತ್ತ್ವನಿರ್ಣಯವೆಂದು ಮಂಡಿಸುವ ಪ್ರಬಂಧಗಳು ಬರತೊಡಗಿರುವುದು ಚಿಂತೆಯ ವಿಷಯ. 'ಹರಿ' ಎಂಬ ರೂಪವನ್ನು ತೆಗೆದುಕೊಳ್ಳಿ. ಅದು ವಿಷ್ಣುವಿನ ಹೆಸರು; ನೀರು ಹರಿಯುವ ಹರಿಯೂ ಅದೇ, ಬಟ್ಟೆ ಹರಿಯುವ ಹರಿಯೂ ಅದೇ. 'ಕಾಯ' ದೇಹವೂ ಹೌದು, 'ಕಾಯಯ್ಯಾ' ಎಂಬ ಮೊರೆಯ ಭಾಗವೂ ಹೌದು. 'ಅರಿ' ಎಂದರೆ ಶತ್ರು, ಅರಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಹಳೆಯ ಶಕಟರೇಫವು ರೇಫದಲ್ಲಿ ಸೇರಿಹೋದ ಮೇಲೆ ಬರಿಯ ಕಣ್ಣಿಗೆ ಎಲ್ಲವೂ ಒಂದೇ. ಸಂಧಿಯಲ್ಲಿ ಅಡಗಿದ ಶಬ್ದವನ್ನು ಯಂತ್ರವು ಬಿಟ್ಟುಬಿಡಬಹುದು. ಇದನ್ನೆಲ್ಲ ಅರಿಯದೆ 'ಇಂಥ ಶಬ್ದ ಇಷ್ಟು ಸಲ ಬಂದಿದೆ, ಆದುದರಿಂದ ಶರಣರ ಅಭಿಪ್ರಾಯ ಹೀಗೆ' ಎಂದು ಸಿದ್ಧಾಂತ ಮಾಡುವುದು ಪಾಂಡಿತ್ಯವಲ್ಲ. ಎಣಿಕೆಯು ಎಲ್ಲಿ ಓದಬೇಕೆಂಬುದನ್ನು ತೋರಿಸುತ್ತದೆ. ಓದುವ ಕೆಲಸ ನಮಗೇ ಉಳಿಯುತ್ತದೆ.

ಇದುವರೆಗೆ ಹೇಳಿದ್ದು ಗ್ರಂಥಗಳ ಮಾತಾಯಿತು. ಇದರ ಪರಿಣಾಮ ಗ್ರಂಥಗಳಾಚೆಗೂ ಇದೆ. ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ೨೦೨೫ರ ಸೆಪ್ಟೆಂಬರ್ ೨೨ರಂದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ಆರಂಭಿಸಿದಾಗ ಮನೆಮನೆಗೆ ಹೋದವರು ಬಹುಮಟ್ಟಿಗೆ ಶಾಲಾ ಶಿಕ್ಷಕರೇ. ಧರ್ಮದ ಕಲಮಿನಲ್ಲಿ ಏನು ಬರೆಸಬೇಕು, ಜಾತಿಯ ಕಲಮಿನಲ್ಲಿ ಏನು, ಉಪಜಾತಿಯ ಕಲಮಿನಲ್ಲಿ ಏನು ಎಂಬ ಚರ್ಚೆ ನಮ್ಮ ಸಮಾಜದಲ್ಲಿ ಎಷ್ಟು ತೀವ್ರವಾಗಿ ನಡೆಯಿತೆಂಬುದು ವಾಚಕರಿಗೆ ತಿಳಿದೇ ಇದೆ. ಒಂದೇ ಮನೆಯಲ್ಲಿ ಅಣ್ಣನೊಂದು, ತಮ್ಮನೊಂದು ಬರೆಸಿದ್ದುಂಟು. ಆ ವಾದದಲ್ಲಿ ಯಾವ ಪಕ್ಷ ಸರಿಯೆಂಬುದನ್ನು ನಿರ್ಣಯಿಸುವುದು ಇಲ್ಲಿಯ ವಿಷಯವಲ್ಲ. ಆ ದಿನಗಳಲ್ಲಿ ನಮ್ಮ ಮಕ್ಕಳು ಜಗಲಿಯ ಮೇಲೆ ಕುಳಿತು ಒಂದು ಅಂಕಿಯು ಹುಟ್ಟುವುದನ್ನು ಕಣ್ಣಾರೆ ಕಂಡರು ಎಂಬುದು ನನಗೆ ಮುಖ್ಯ. ಕಲಮಿನ ಹೆಸರು ಬದಲಾದರೆ ಉತ್ತರ ಬದಲಾಗುತ್ತದೆ. ಉತ್ತರ ಬದಲಾದರೆ ಮೊತ್ತ ಬದಲಾಗುತ್ತದೆ. ಮೊತ್ತದ ಆಧಾರದ ಮೇಲೆ ನಾಳೆ ವಿದ್ಯಾರ್ಥಿವೇತನ, ಮೀಸಲಾತಿ, ಪ್ರಾತಿನಿಧ್ಯಗಳು ನಿಲ್ಲಬಹುದು. ದೇಶದ ಜನಗಣತಿಯಲ್ಲಿ ೧೯೩೧ರ ಅನಂತರ ಎಲ್ಲ ಜಾತಿಗಳ ಎಣಿಕೆ ಪ್ರಕಟವಾಗಿಲ್ಲ. ೨೦೨೭ರ ಜನಗಣತಿಯಲ್ಲಿ ಅದು ಮತ್ತೆ ಸೇರಲಿದೆ ಎಂದು ಕೇಂದ್ರ ಸರ್ಕಾರ ೨೦೨೫ರಲ್ಲಿ ನಿರ್ಧರಿಸಿತು. ಇಂತಹ ಕಾಲದಲ್ಲಿ ಸಮೀಕ್ಷೆಯ ನಮೂನೆಯನ್ನೇ ಒಂದು ಪಠ್ಯವಾಗಿ ತರಗತಿಯಲ್ಲಿ ಓದಿಸುವುದಕ್ಕಿಂತ ಉತ್ತಮವಾದ ದತ್ತಾಂಶಶಿಕ್ಷಣ ಯಾವುದಿದ್ದೀತು?

ಇಲ್ಲಿ ಒಂದು ಆಕ್ಷೇಪ ಬರಬಹುದು. ಮಕ್ಕಳಿಗೆ ಹೀಗೆ ಸಂಶಯವನ್ನು ಕಲಿಸಿದರೆ ಅವರು ಎಲ್ಲ ಅಂಕಿಗಳನ್ನೂ ಸುಳ್ಳೆಂದು ತಳ್ಳಿಬಿಡುವುದಿಲ್ಲವೆ? ಇದು ನ್ಯಾಯವಾದ ಆಕ್ಷೇಪ. ತಮಗೆ ಬೇಡವಾದ ಅಂಕಿಯನ್ನು ಮಾತ್ರ ಸಂಶಯಿಸುವ ಚಪಲ ಎಲ್ಲೆಡೆ ಇದೆ, ನಮ್ಮಲ್ಲಿಯೂ ಇಲ್ಲದಿಲ್ಲ. ನಮ್ಮ ಸಂಖ್ಯೆ ಹೆಚ್ಚೆಂದು ಹೇಳಿದ ಪಟ್ಟಿಯನ್ನು ಪ್ರಮಾಣವೆನ್ನುತ್ತೇವೆ, ಕಡಿಮೆಯೆಂದು ಹೇಳಿದ ಪಟ್ಟಿಯನ್ನು ಕುತಂತ್ರವೆನ್ನುತ್ತೇವೆ. ಗ್ರಂಥಸಂಪಾದನೆಯ ಶಿಸ್ತು ಇದಕ್ಕೆ ಔಷಧವಾಗಬಲ್ಲದು. ಸಂಪಾದಕನು ಪಾಠವನ್ನು ಸಂಶಯಿಸುತ್ತಾನೆ ನಿಜ. ಸಂಶಯಿಸಿ ಕೈಕಟ್ಟಿ ಕುಳಿತುಕೊಳ್ಳುವುದಿಲ್ಲ. ಇನ್ನೊಂದು ಪ್ರತಿಯನ್ನು ಹುಡುಕುತ್ತಾನೆ, ಹೋಲಿಸುತ್ತಾನೆ, ತನಗೆ ಪ್ರಿಯವಾದ ಪಾಠವನ್ನು ಆಧಾರವಿಲ್ಲವಾದರೆ ಬಿಟ್ಟುಕೊಡುತ್ತಾನೆ. ಹಳಕಟ್ಟಿಯವರು ಎಣಿಸದೆ, ಪಟ್ಟಿ ಮಾಡದೆ ಇದ್ದಿದ್ದರೆ ಎಷ್ಟೋ ಶರಣರ ಹೆಸರುಗಳು ನಮಗೆ ತಿಳಿಯುತ್ತಿರಲಿಲ್ಲ. ಬಸವಣ್ಣನವರು ಮಂಗಳವೇಡೆಯಲ್ಲಿ ಕರಣಿಕರಾಗಿದ್ದು ಬಳಿಕ ಭಂಡಾರಿಗಳಾದವರು. ಲೆಕ್ಕವನ್ನು ತಿರಸ್ಕರಿಸುವ ಪರಂಪರೆ ನಮ್ಮದಲ್ಲ.

ಹಾಗಾದರೆ ಶಾಲೆಯಲ್ಲಿ ಏನು ಮಾಡಬಹುದು? ದೊಡ್ಡ ಯೋಜನೆ ಬೇಡ. ಕನ್ನಡದ ಅಧ್ಯಾಪಕರೂ ಗಣಿತದ ಅಧ್ಯಾಪಕರೂ ವರ್ಷಕ್ಕೆ ನಾಲ್ಕಾರು ಅವಧಿಗಳನ್ನು ಜೊತೆಯಾಗಿ ತೆಗೆದುಕೊಂಡರೆ ಸಾಕು. ಒಬ್ಬ ವಚನಕಾರನ ವಚನಗಳನ್ನು ಎರಡು ಆವೃತ್ತಿಗಳಲ್ಲಿ ಎಣಿಸಿ ವ್ಯತ್ಯಾಸಕ್ಕೆ ಕಾರಣ ಬರೆಯಲಿ. ತಮ್ಮ ಓಣಿಯ ಮನೆಗಳನ್ನು ಎಣಿಸಲಿ. ಬೀಗ ಹಾಕಿದ ಮನೆ, ಒಂದು ಮನೆಯಲ್ಲಿ ಎರಡು ಒಲೆ, ದುಡಿಮೆಗಾಗಿ ಊರು ಬಿಟ್ಟವರು, ಇವನ್ನೆಲ್ಲ ಹೇಗೆ ಬರೆಯಬೇಕೆಂದು ತಾವೇ ನಿಯಮ ಮಾಡಿ, ಆ ನಿಯಮವನ್ನು ಕೋಷ್ಟಕದ ಕೆಳಗೆ ಬರೆದು ಸಹಿ ಮಾಡಲಿ. ಆ ಸಹಿಯೇ ಅವರ ಅಂಕಿತ.

ಅದರ ಜೊತೆಗೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನೂ ಓದಿಸಲಿ. ಮಾರಯ್ಯನು ಆ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಆಕೆ ಹಿಂದಕ್ಕೆ ಕಳುಹಿಸಿದಳು. ಬಿದ್ದಿರುವುದನ್ನು ಆಯುವುದೂ ಕಾಯಕವೇ. ಅದಕ್ಕೂ ಮಿತಿಯುಂಟೆಂದು ಆಕೆ ಬಲ್ಲಳು. ಜನರ ಹೆಸರು, ವಯಸ್ಸು, ರೋಗ, ಸಾಲ, ಬೆರಳಚ್ಚುಗಳನ್ನು ಆಯ್ದು ರಾಶಿ ಹಾಕುವ ಈ ಕಾಲಕ್ಕೆ ಅವಳ ಮಾತು ಹೊಸದಾಗಿ ಅನ್ವಯಿಸುತ್ತದೆ. ವೈಯಕ್ತಿಕ ದತ್ತಾಂಶವನ್ನು ಹೇಳಿದ ಉದ್ದೇಶಕ್ಕೆ ಬೇಕಾದಷ್ಟೇ ಬಳಸತಕ್ಕದ್ದೆಂಬ ನಿಯಮ ಭಾರತದಲ್ಲಿ ೨೦೨೩ರ ಅಧಿನಿಯಮದಲ್ಲಿ ಬಂದಿತು. ಆ ಓಣಿಯ ಎಣಿಕೆಯಲ್ಲಿಯೂ ಯಾವ ಪ್ರಶ್ನೆಯನ್ನು ಕೇಳಬಾರದು ಎಂಬುದನ್ನು ಮಕ್ಕಳು ಮೊದಲು ಚರ್ಚಿಸಲಿ.

ಆ ಬಾಲಕಿಗೆ ಅಂದು ನಾನು ಹೇಳಬೇಕಾಗಿದ್ದದ್ದು ಇಷ್ಟೆ: "ನೀನು ಎಣಿಸಿದ್ದು ಉಳಿದ ವಚನಗಳನ್ನು, ಅವನು ಹೇಳಿದ್ದು ಒಂದು ವಚನದೊಳಗಿನ ಮಾತನ್ನು. ಎರಡಕ್ಕೂ ಅದರದರ ಆಧಾರವಿದೆ. 'ಉಳಿದವೆಲ್ಲ ಎಲ್ಲಿ ಹೋದವು' ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ಬಾ, ಹುಡುಕೋಣ." ಹೇಳಲಿಲ್ಲ. ಇಂದು ತರಗತಿಗಳಲ್ಲಿರುವ ಅಧ್ಯಾಪಕರ ಮುಂದೆ ಅಂತಹ ಮಗುವೊಂದು ಬಂದು ನಿಂತರೆ, ಉತ್ತರಪಟ್ಟಿಯನ್ನು ಕೆಳಗಿಟ್ಟು ಪುಸ್ತಕದ ಕಪಾಟನ್ನು ತೆರೆಯಬೇಕೆಂದು ನನ್ನ ವಿನಂತಿ.